ಬೀಗ ಗಟ್ಟಿ, ಚಿಲಕ ಸಡಿಲ: ಮನೆ ಕಾವಲು ಸೋಲುವ ಜಾಗಗಳು

ಮಾನ್ಯ ಸಂಪಾದಕರೇ,

‘ಮನೆಯ ಬೀಗ ಮುರಿದು ಚಿನ್ನಾಭರಣ ಕಳವು’ ಎಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಎಷ್ಟು ಗ್ರಾಂ ಚಿನ್ನ, ಎಷ್ಟು ನಗದು, ಮನೆಯವರು ಯಾವ ಊರಿನ ಮದುವೆಗೆ ಹೋಗಿದ್ದರು ಎಂಬುದೆಲ್ಲ ಅದರಲ್ಲಿರುತ್ತದೆ. ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದು ಮಾತ್ರ ಇರುವುದಿಲ್ಲ. ಅಲಾರಂ, ಸಿಸಿಟಿವಿ, ಬಾಗಿಲ ಬೀಗ ಕೂರಿಸುವ ಕೆಲಸದಲ್ಲಿರುವ ನಮಗೆ ಇದನ್ನು ಓದಿದಾಗಲೆಲ್ಲ ಒಂದು ಕೊರಗು. ಬೀಗ ಮುರಿಯುವುದು ಅಪರೂಪ. ಹಾಕಿದ ಬೀಗ ಹಾಗೇ ಇದ್ದು, ಚಿಲಕದ ಸಮೇತ ಕಿತ್ತು ನೆಲಕ್ಕೆ ಬಿದ್ದಿರುವುದೇ ಹೆಚ್ಚು. ಸುದ್ದಿ ಓದಿದವರು ಅಂಗಡಿಗೆ ಹೋಗಿ ಇನ್ನೂ ದೊಡ್ಡ ಬೀಗ ತಂದು ಅದೇ ಹಳೆಯ ಚಿಲಕಕ್ಕೆ ನೇತುಹಾಕುತ್ತಾರೆ. ಪೊಲೀಸ್ ಪ್ರಕಟಣೆಯಲ್ಲೂ ನಿಮ್ಮ ವರದಿಯಲ್ಲೂ ‘ಚಿಲಕದ ಸ್ಕ್ರೂ ಕಿತ್ತು’, ‘ಬಚ್ಚಲ ಕಿಟಕಿಯ ಗಾಜಿನ ಪಟ್ಟಿ ತೆಗೆದು’, ‘ಅಲಾರಂ ಸಿಮ್ ರೀಚಾರ್ಜ್ ಆಗಿರಲಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಓದಿದವರು ಅಂದೇ ಸಂಜೆ ತಮ್ಮ ಮನೆಯಲ್ಲಿ ಅದೇ ಜಾಗ ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಳ್ಳಬೇಕಾದ ಜಾಗಗಳನ್ನು ಈ ಪತ್ರದಲ್ಲಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ. ದಯವಿಟ್ಟು ಅಳತೆಗಳನ್ನು ಮಾತ್ರ ಕತ್ತರಿಸಬೇಡಿ.

ಚಿಲಕದಿಂದಲೇ ಶುರು ಮಾಡೋಣ. ನಮ್ಮ ಕಡೆಯ ಬಹುಪಾಲು ಬಾಗಿಲುಗಳಿಗೆ ಹೊರಗಿನಿಂದ ಇರುವುದು ಆಲ್ಡ್ರಾಪ್: ಒಂದು ದುಂಡು ಸರಳು, ಅದನ್ನು ಹಿಡಿದಿರುವ ಕ್ಲಾಂಪುಗಳು, ಬೀಗ ಸಿಕ್ಕಿಸುವ ಕೊಂಡಿ. ಅದರ ಜೊತೆ ಪೊಟ್ಟಣದಲ್ಲಿ ಬರುವ ಸ್ಕ್ರೂ ಮುಕ್ಕಾಲು ಇಂಚು, ಹೆಚ್ಚೆಂದರೆ ಒಂದು ಇಂಚು ಉದ್ದ. ಕೆಲಸದ ಅವಸರದಲ್ಲಿ ಅದನ್ನೂ ಪೂರ್ತಿ ತಿರುಗಿಸದೆ ಸುತ್ತಿಗೆಯಿಂದ ಹೊಡೆದು ಕೂರಿಸಿಬಿಡುತ್ತಾರೆ. ಹೊಡೆದಾಗ ಮರದ ನಾರು ಹರಿದುಹೋಗುತ್ತದೆ, ಸ್ಕ್ರೂವಿನ ಥ್ರೆಡ್‌ಗೆ ಕಚ್ಚಲು ಏನೂ ಉಳಿಯುವುದಿಲ್ಲ. ಐದಾರು ಮಳೆಗಾಲ ಮರ ಉಬ್ಬಿ ಕುಗ್ಗಿದ ಮೇಲೆ ತೂತು ಇನ್ನಷ್ಟು ಸಡಿಲ. ಸಲಾಕೆಯಿಂದ ಮೀಟಿದರೆ ಬೀಗ ಎಷ್ಟೇ ತೂಕದ್ದಾಗಿರಲಿ, ಸ್ಕ್ರೂಗಳು ಸಾಲಾಗಿ ಎದ್ದುಬರುತ್ತವೆ. ನಿಮ್ಮ ಚಿಲಕವನ್ನು ಕೈಯಲ್ಲಿ ಹಿಡಿದು ಬಲವಾಗಿ ಅಲುಗಾಡಿಸಿ ನೋಡಿ. ಒಂದು ಕೂದಲೆಳೆ ಕದಲಿದರೂ ಅದು ಸೋತಿದೆ ಎಂದೇ ಲೆಕ್ಕ.

ಸರಿಪಡಿಸಲು ಹೊಸ ಬೀಗ ಬೇಡ. ಬಾಗಿಲ ಹಲಗೆಯನ್ನು ಆಚೆಯಿಂದ ಈಚೆಗೆ ದಾಟುವ 6 ಮಿ.ಮೀ. ಕ್ಯಾರೇಜ್ ಬೋಲ್ಟ್ ಹಾಕಿಸಿ. ಅದರ ದುಂಡನೆಯ ನುಣುಪು ತಲೆ ಹೊರಗೆ ಇರಬೇಕು, ಅಗಲ ವಾಷರ್ ಮತ್ತು ನಟ್ಟು ಒಳಗೆ. ಬಾಗಿಲಿನ ದಪ್ಪಕ್ಕಿಂತ 12ರಿಂದ 15 ಮಿ.ಮೀ. ಹೆಚ್ಚು ಉದ್ದವಿರುವ ಬೋಲ್ಟ್ ಸಾಕು. ಹೊರಗಿನಿಂದ ಸ್ಕ್ರೂಡ್ರೈವರ್‌ಗೆ ಸಿಕ್ಕುವ ಒಂದು ತಲೆಯೂ ಕಾಣಬಾರದು. ದಾರಂದದ ಕಡೆ ಬೋಲ್ಟ್ ದಾಟಿಸಲು ಆಗುವುದಿಲ್ಲ, ಅಲ್ಲಿ ಎರಡೂವರೆಯಿಂದ ಮೂರು ಇಂಚಿನ ಸ್ಕ್ರೂ ಬೇಕು. ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆದು ಆಮೇಲೆ ತಿರುಗಿಸಬೇಕು. ಹಳೆಯ ತೂತಿಗೇ ಉದ್ದ ಸ್ಕ್ರೂ ಹಾಕುವುದಾದರೆ ಅಂಟು ಸವರಿದ ಮರದ ಬೆಣೆಯನ್ನು ಅದರಲ್ಲಿ ತುಂಬಿ ಒಂದು ದಿನ ಒಣಗಲು ಬಿಡಬೇಕು. ದಾರಂದವೇ ಗೋಡೆಗೆ ಗಟ್ಟಿಯಾಗಿ ಹಿಡಿದಿದೆಯೇ ಎಂಬುದನ್ನೂ ನೋಡಿ. ಪ್ರತಿ ಬದಿಗೆ ಮೂರು ಹೋಲ್ಡ್‌ಫಾಸ್ಟ್ (ದಾರಂದವನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಇಟ್ಟು ಸುತ್ತ ಕಾಂಕ್ರೀಟ್ ತುಂಬುವುದು ಹಳೆಯ, ಸರಿಯಾದ ಕ್ರಮ. ಈಗ ಪ್ಲಾಸ್ಟರ್ ಮುಗಿದ ಮೇಲೆ ದಾರಂದ ತಂದು ಸ್ಕ್ರೂ ಮತ್ತು ಫೋಮಿನಲ್ಲೇ ನಿಲ್ಲಿಸುವುದುಂಟು. ಗೋಡೆ ಮತ್ತು ದಾರಂದ ಸೇರುವಲ್ಲಿ ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಗಾರೆ ಕೆಲಸದವರನ್ನು ಕರೆಸಿ.

‘ಇಂಟರ್‌ಲಾಕ್ ಮೀಟಿ’ ಎಂಬುದು ಇನ್ನೊಂದು ಸುದ್ದಿ. ಇಂಟರ್‌ಲಾಕ್, ಅಂದರೆ ಬಾಗಿಲ ಹಲಗೆಯೊಳಗೇ ಕೂರಿಸುವ ಬೀಗಕ್ಕೆ ಒಂದು ದೊಡ್ಡ ಅನುಕೂಲವಿದೆ. ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆ ಸಾರುವ ಬೀಗ ಹೊರಗೆ ತೂಗುವುದಿಲ್ಲ. ಆದರೆ 32 ಮಿ.ಮೀ. ದಪ್ಪದ ಹಲಗೆಯ ಅಂಚಿನಲ್ಲಿ ಬೀಗದ ಪೆಟ್ಟಿಗೆಗಾಗಿ ಕೊರೆದ ಮೇಲೆ ಎರಡೂ ಕಡೆ ಉಳಿಯುವ ಮರ ತೆಳು. ಬಾಗಿಲು ಸೀಳುವುದು ಅಲ್ಲೇ. ಆ ಅಂಚಿಗೆ ಎರಡೂ ಬದಿಯಿಂದ ಉಕ್ಕಿನ ತಗಡಿನ ಕವಚ ಹಾಕಿ ಬೋಲ್ಟ್ ಮಾಡಿಸಬೇಕು. ಫ್ಲಶ್ ಡೋರ್ ಆದರೆ ಬೀಗ ಕೂರುವ ಕಡೆ ಒಳಗೆ ಗಟ್ಟಿ ಮರದ ತುಂಡು ಇದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು. ಬೀಗದ ಸಿಲಿಂಡರ್, ಅಂದರೆ ಕೀಲಿ ಹಾಕುವ ಭಾಗ, ಹಿಡಿಕೆಯ ತಟ್ಟೆಗಿಂತ 3 ಮಿ.ಮೀ.ಗಿಂತ ಹೆಚ್ಚು ಹೊರಚಾಚಿದ್ದರೆ ಅದನ್ನು ಇಕ್ಕಳಕ್ಕೆ ಸಿಗುವಂತೆ ಬಿಟ್ಟಂತಾಯಿತು. ಸಿಲಿಂಡರ್ ನಡುವೆ ಸ್ಕ್ರೂವಿಗಾಗಿ ಕೊರೆದ ತೂತೇ ಅದರ ದುರ್ಬಲ ಜಾಗ, ಮುರಿಯುವುದು ಅಲ್ಲೇ. ಸರಿಯಾದ ಉದ್ದದ ಸಿಲಿಂಡರ್ ಹಾಕಿಸುವುದೇ ಇದಕ್ಕೆ ಮದ್ದು. ನೈಟ್ ಲ್ಯಾಚ್ ಇರುವವರು ಬಾಗಿಲನ್ನು ಎಳೆದು ‘ಟಪ್’ ಎಂದ ಕೂಡಲೇ ಹೊರಟುಬಿಡುತ್ತಾರೆ. ಆಗ ಹೊರಬಂದಿರುವುದು ಸ್ಪ್ರಿಂಗಿನ ಓರೆ ನಾಲಿಗೆ ಮಾತ್ರ. ಹೊರಗಿನಿಂದ ಕೀಲಿಯನ್ನು ಪೂರ್ತಿ ಸುತ್ತು ತಿರುಗಿಸಿದರೆ ಮಾತ್ರ ಅದು ಹಿಂದೆ ಸರಿಯದಂತೆ ನಿಲ್ಲುತ್ತದೆ.

ಮುಂಬಾಗಿಲಿಗೆ ತೇಗ, ಹಿತ್ತಿಲ ಬಾಗಿಲಿಗೆ ತಗಡು. ಇದು ನಮ್ಮ ಮನೆಗಳ ಹಳೆಯ ಚಾಳಿ. ತಾರಸಿಯ ಮೆಟ್ಟಿಲ ಬಾಗಿಲಂತೂ ಇನ್ನೂ ಕಡೆ: ತೆಳು ಶೀಟು, ಒಳಗಡೆ ಒಂದು ಪುಟ್ಟ ಟವರ್ ಬೋಲ್ಟ್. ಪಕ್ಕದ ತಾರಸಿಯಿಂದ ಒಂದು ಹೆಜ್ಜೆ ದಾಟಿದರೆ ಅಲ್ಲಿಗೆ ಬರಬಹುದು, ಬೀದಿಯಿಂದ ಯಾರಿಗೂ ಕಾಣುವುದಿಲ್ಲ. ಈ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಬೇಕು, ಅದರ ಕೊಕ್ಕೆಗಳು ಗೋಡೆಯಲ್ಲಿ ಹುದುಗಿರಬೇಕು. ಬಚ್ಚಲುಮನೆಯ ವೆಂಟಿಲೇಟರಿನ ಗಾಜಿನ ಪಟ್ಟಿಗಳು ಬರೀ ಅಲ್ಯೂಮಿನಿಯಂ ಕ್ಲಿಪ್ಪಿನಲ್ಲಿ ಕೂತಿರುತ್ತವೆ, ಸದ್ದಿಲ್ಲದೆ ಒಂದೊಂದಾಗಿ ಜಾರಿಬರುತ್ತವೆ. ಹಿಂದೆ ಸರಳು ಇಲ್ಲದ ವೆಂಟಿಲೇಟರ್ ತೆರೆದ ಕಿಟಕಿಗೆ ಸಮ. ಜಾರು ಕಿಟಕಿಯ ಕದವನ್ನು ಮೇಲಕ್ಕೆತ್ತಿ ಹಳಿಯಿಂದ ಇಳಿಸಿಬಿಡಬಹುದು. ಮೇಲಿನ ಹಳಿಯ ಸಂದಿಗೆ ಒಂದು ಅಡ್ಡತುಂಡನ್ನು ಸ್ಕ್ರೂ ಮಾಡಿದರೆ ಎತ್ತಲು ಜಾಗ ಉಳಿಯುವುದಿಲ್ಲ. ಗ್ರಿಲ್‌ನ ಸ್ಕ್ರೂ ತಲೆಗಳು ಹೊರಗಡೆ ಕಂಡರೆ ಅವುಗಳ ಮೇಲೆ ವೆಲ್ಡಿಂಗ್ ಒಂದು ಚುಕ್ಕೆ ಇಡಿಸಿ. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಿಗೆ ದಾರಿಯೇ ಬೇರೆ. ಮಾಡಿನ ಹೆಂಚು ನಾಲ್ಕು ಸರಿಸಿದರೆ ಒಳಗೆ. ಮರದ ಮುಚ್ಚಿಗೆ ಇಲ್ಲದ ಕೋಣೆಯಲ್ಲಿ ಬೀರು ಇಡಬೇಡಿ. ಮುಚ್ಚಿಗೆ ಇದ್ದರೂ ಅಟ್ಟಕ್ಕೊಂದು ಸೆನ್ಸರ್ ಇರಲಿ. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ಹೆಂಚಿನ ಸದ್ದು ಪಕ್ಕದ ಮನೆಗಿರಲಿ, ಪಕ್ಕದ ಕೋಣೆಗೂ ಕೇಳಿಸದು.

ಈಗ ಅಲಾರಂ ವಿಷಯ. ಪೆಟ್ಟಿಗೆ ಕೊಂಡರೆ ಕಾವಲು ಬಂತು ಎಂದು ಜನ ನಂಬುತ್ತಾರೆ. ನಿಜವಾಗಿ ನೋಡಬೇಕಾದದ್ದು ಮೂರು ಹೊತ್ತನ್ನು: ಕಳ್ಳ ಕೈಹಾಕಿದ್ದು ಗೊತ್ತಾಗಲು ಹಿಡಿಯುವ ಹೊತ್ತು, ಗೊತ್ತಾದ ಮೇಲೆ ಅವನು ಬೀರುವಿನವರೆಗೆ ತಲುಪಲು ಹಿಡಿಯುವ ಹೊತ್ತು, ಅಷ್ಟರಲ್ಲಿ ಒಬ್ಬರು ಗೇಟಿಗೆ ಬಂದು ನಿಲ್ಲಲು ಹಿಡಿಯುವ ಹೊತ್ತು. ಬಾಗಿಲು ಹದಿನೈದು ನಿಮಿಷ ತಡೆದರೂ ಆ ಹದಿನೈದು ನಿಮಿಷ ಅಲಾರಂಗೆ ಸುಳಿವೇ ಇಲ್ಲದಿದ್ದರೆ ತಡೆದದ್ದೆಲ್ಲ ದಂಡ. ಬಾಗಿಲ ಗಟ್ಟಿತನ ಲೆಕ್ಕಕ್ಕೆ ಬರುವುದು ಸೆನ್ಸರ್ ಎಚ್ಚರಗೊಂಡ ಮೇಲಿನ ನಿಮಿಷಗಳಲ್ಲಿ ಮಾತ್ರ. ಆದ್ದರಿಂದ ಬಾಗಿಲು ತೆರೆದ ಮೇಲೆ ಕೂಗುವ ಅಲಾರಂಗಿಂತ ಬಾಗಿಲನ್ನು ಮೀಟುತ್ತಿರುವಾಗಲೇ ಕೂಗುವುದು ಮೇಲು. ಬಾಗಿಲಿನ ಒಳಮೈಗೆ ಅಂಟಿಸುವ ಕಂಪನದ ಸೆನ್ಸರ್, ಅಂದರೆ ವೈಬ್ರೇಷನ್ ಸೆನ್ಸರ್, ಈ ಕೆಲಸ ಮಾಡುತ್ತದೆ. ಬೆಲೆಯೂ ದೊಡ್ಡದಲ್ಲ. ಆದರೂ ಮನೆಗಳಲ್ಲಿ ಇದನ್ನು ಕಾಣುವುದು ಕಡಿಮೆ.

ಬಾಗಿಲಿಗೆ ಸಾಮಾನ್ಯವಾಗಿ ಹಾಕುವುದು ಮ್ಯಾಗ್ನೆಟಿಕ್ ಕಾಂಟ್ಯಾಕ್ಟ್: ಬಾಗಿಲಲ್ಲಿ ಅಯಸ್ಕಾಂತ, ದಾರಂದದಲ್ಲಿ ಸ್ವಿಚ್. ಎರಡರ ನಡುವೆ ಸಾಧಾರಣವಾಗಿ 15ರಿಂದ 20 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ಇದನ್ನು ತಿರುಗಣಿಯ ಕಡೆ ಹಾಕಿದರೆ ಬಾಗಿಲು ಒಬ್ಬರು ನುಸುಳುವಷ್ಟು ತೆರೆದರೂ ಅಯಸ್ಕಾಂತ ಸ್ವಲ್ಪವೇ ಸರಿಯುತ್ತದೆ. ಚಿಲಕದ ಕಡೆಯ ಮೇಲ್ಮೂಲೆ ಸರಿಯಾದ ಜಾಗ. ಕಬ್ಬಿಣದ ಬಾಗಿಲಿಗೆ ನೇರವಾಗಿ ಅಂಟಿಸಿದರೆ ಕಬ್ಬಿಣ ಅಯಸ್ಕಾಂತದ ಬಲವನ್ನು ನುಂಗುತ್ತದೆ, ಕೆಳಗೆ ಪ್ಲಾಸ್ಟಿಕ್ ತುಂಡು ಕೊಡಬೇಕು. ಮರದ ಬಾಗಿಲಾದರೆ ಮಳೆಗಾಲದಲ್ಲಿ ಉಬ್ಬಿ ಸರಿಯಾಗಿ ಕೂರುವುದಿಲ್ಲ. ಅಲಾರಂ ರಾತ್ರಿ ಎರಡು ಗಂಟೆಗೆ ಸುಮ್ಮನೆ ಕೂಗುತ್ತದೆ. ಮೂರನೆಯ ಸಲ ಕೂಗಿದಾಗ ಮನೆಯವರು ಆ ಜೋನನ್ನೇ (ಆ ಬಾಗಿಲಿನ ಸೆನ್ಸರ್ ಸಾಲನ್ನೇ) ಬೈಪಾಸ್ ಮಾಡಿ ಮಲಗುತ್ತಾರೆ, ಮತ್ತೆ ಅದನ್ನು ಯಾರೂ ಆನ್ ಮಾಡುವುದಿಲ್ಲ. ಸುಳ್ಳು ಅಲಾರಂ ಬರೀ ಕಿರಿಕಿರಿ ಎಂದು ತಳ್ಳಿಹಾಕುವ ವಿಷಯವಲ್ಲ. ಅಲಾರಂಗಳು ಸಾಯುವುದೇ ಹೀಗೆ.

ಸುಳ್ಳು ಅಲಾರಂ ಹೆಚ್ಚಾಗಿ ಬರುವುದು ಪಿಐಆರ್ ಸೆನ್ಸರಿನಿಂದ. ಮೈಯ ಶಾಖ ಸೆನ್ಸರಿನ ಎದುರು ಅಡ್ಡ ಹಾಯ್ದಾಗ ಆಗುವ ಬದಲಾವಣೆಯನ್ನು ಅದು ಹಿಡಿಯುತ್ತದೆ. ನೇರವಾಗಿ ಅದರತ್ತ ನಡೆದುಬಂದರೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಹಾಗಾಗಿ ಬಾಗಿಲಿಗೆ ನೇರ ಎದುರಿನ ಗೋಡೆಗಿಂತ, ಬಂದವರು ಅಡ್ಡ ದಾಟಲೇಬೇಕಾದ ಮೂಲೆ ಒಳ್ಳೆಯದು. ಎತ್ತರ 2.1ರಿಂದ 2.4 ಮೀಟರ್, ಅಂದರೆ ಏಳರಿಂದ ಎಂಟು ಅಡಿ. ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ಹಿಂಬದಿ, ಒಲೆ, ದೇವರಮನೆಯ ದೀಪ ಇವು ಯಾವುವೂ ಅದರ ಕಣ್ಣಿಗೆ ಬೀಳಬಾರದು. ಗಾಜು ಈ ಶಾಖದ ಕಿರಣವನ್ನು ತಡೆಯುವುದರಿಂದ ಗಾಜಿನ ಆಚೆ ನಡೆಯುವುದು ಸೆನ್ಸರಿಗೆ ಕಾಣಿಸದು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಮನೆಯ ಗೋಡೆಗಳೂ ಮೈಯಷ್ಟೇ ಬಿಸಿಯಾಗಿರುತ್ತವೆ. ಮೈಗೂ ಗೋಡೆಗೂ ವ್ಯತ್ಯಾಸವೇ ಇಲ್ಲದಾಗ ಅಗ್ಗದ ಸೆನ್ಸರ್ ಕುರುಡಾಗುತ್ತದೆ. ಅಲ್ಲಿಯವರು ‘ಟೆಂಪರೇಚರ್ ಕಾಂಪೆನ್ಸೇಷನ್’ ಇರುವುದನ್ನೇ ಕೇಳಿ ಕೊಳ್ಳಬೇಕು. ಜನ ರಜೆಗೆ ಊರು ಬಿಡುವುದೂ ಅದೇ ತಿಂಗಳಲ್ಲಿ.

ಹಲ್ಲಿ, ಜೇಡಗಳ ಕಾಟ ಬೇರೆ. ದೂರದಲ್ಲಿ ಓಡಾಡುವ ಹಲ್ಲಿಯಿಂದ ತೊಂದರೆಯಿಲ್ಲ, ಲೆನ್ಸಿನ ಮೇಲೇ ಹಾಯುವ ಹಲ್ಲಿ ಸೆನ್ಸರಿನ ಪಾಲಿಗೆ ಆನೆ. ವೈರ್ ಬರುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಬೇಕು. ಇರುವೆ ಒಳಗೆ ಗೂಡು ಕಟ್ಟುವುದು ಆ ತೂತಿನಿಂದಲೇ. ಸೆನ್ಸರಿನಲ್ಲಿ ಪಲ್ಸ್ ಕೌಂಟ್ ಎಂಬ ಜಂಪರ್ (ಎಷ್ಟು ಸಲ ಚಲನೆ ಕಂಡ ಮೇಲೆ ಕೂಗಬೇಕು ಎಂದು ಆರಿಸುವ ಪುಟ್ಟ ಪಿನ್) ಇದ್ದರೆ ಒಂದರಿಂದ ಎರಡಕ್ಕೆ ಬದಲಿಸಿ. ಬಣ್ಣ ಹೊಡೆಸುವಾಗ ಲೆನ್ಸಿಗೆ ಟೇಪ್ ಹಚ್ಚಿ, ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಆಯುಧಪೂಜೆಯಲ್ಲಿ ಕುಂಕುಮವನ್ನು ಪೆಟ್ಟಿಗೆಗೆ ಇಡಿ, ಲೆನ್ಸಿಗೆ ಬೇಡ. ತಿಂಗಳಿಗೊಮ್ಮೆ ಅಲಾರಂ ಟೆಸ್ಟ್ ಮೋಡ್‌ನಲ್ಲಿಟ್ಟು ಪ್ರತಿ ಕೋಣೆಯಲ್ಲಿ ನಡೆದು ದೀಪ ಮಿನುಗುತ್ತದೆಯೇ ಎಂದು ನೋಡಿದರೆ, ಹೊಸದಾಗಿ ತಂದಿಟ್ಟ ಬೀರು ಸೆನ್ಸರಿಗೆ ಅಡ್ಡವಾಗಿರುವುದು ಅಂದೇ ತಿಳಿಯುತ್ತದೆ.

ವೈರಿಂಗ್‌ನಲ್ಲಿ ಅಳವಡಿಸುವವರೇ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಜೋನಿನ ಕೊನೆಗೆ ಹಾಕುವ ಎಂಡ್ ಆಫ್ ಲೈನ್ ರೆಸಿಸ್ಟರ್ (ವೈರ್ ಸರಿಯಿದೆಯೇ ಎಂದು ತಿಳಿಸುವ ಪುಟ್ಟ ಬಿಡಿಭಾಗ) ಹೆಸರೇ ಹೇಳುವಂತೆ ವೈರಿನ ಕೊನೆಯಲ್ಲಿ, ಸೆನ್ಸರಿನೊಳಗೆ ಇರಬೇಕು. ಏಣಿ ಹತ್ತುವ ಶ್ರಮ ಉಳಿಸಲು ಅದನ್ನು ಅಲಾರಂನ ಮುಖ್ಯ ಪೆಟ್ಟಿಗೆಯಾದ ಪ್ಯಾನಲ್‌ನಲ್ಲೇ ಸಿಕ್ಕಿಸಿದರೆ, ನಡುವೆ ಎರಡು ವೈರ್ ಒಂದಕ್ಕೊಂದು ತಾಗಿದರೂ ಪ್ಯಾನಲ್‌ಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಇಲಿ ಕಡಿದು ತಾಗಿದರೂ ಅಷ್ಟೇ, ಬೇಕೆಂದೇ ಯಾರೋ ತಾಗಿಸಿದರೂ ಅಷ್ಟೇ. ಕೆಲಸ ಮುಗಿದ ದಿನ ಸೆನ್ಸರಿನ ಮುಚ್ಚಳ ತೆಗೆಸಿ ರೆಸಿಸ್ಟರ್ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಿ. ಮುಚ್ಚಳ ತೆಗೆದಾಗಲೇ ಅಲಾರಂ ಕೂಗಬೇಕು. ಕೂಗದಿದ್ದರೆ ಟ್ಯಾಂಪರ್ ವೈರ್ ಜೋಡಿಸಿಲ್ಲ ಎಂದರ್ಥ.

ಪ್ಯಾನಲ್ ಇಡುವ ಜಾಗವೂ ಮುಖ್ಯ. ಒಳಗೆ ಬಂದವರಿಗೆ ಕೋಡ್ ಒತ್ತಲು 30 ಸೆಕೆಂಡು ಬಿಡುವು ಇರುತ್ತದೆ. ಮುಂಬಾಗಿಲ ಪಕ್ಕದಲ್ಲೇ ಪ್ಯಾನಲ್ ಇದ್ದರೆ ಕಳ್ಳನಿಗೂ ಆ 30 ಸೆಕೆಂಡು ಸಿಕ್ಕಿತು. ಕರೆ ಹೋಗುವ ಮೊದಲೇ ಪೆಟ್ಟಿಗೆ ಒಡೆದುಹೋಗುತ್ತದೆ. ಬಾಗಿಲ ಬಳಿ ಕೀಪ್ಯಾಡ್ ಮಾತ್ರ ಇರಲಿ. ಪ್ಯಾನಲ್ ಒಳಕೋಣೆಯಲ್ಲಿರಲಿ, ಆ ಕೋಣೆಗೆ ಬಿಡುವು ಕೊಡದ ಸೆನ್ಸರ್ ಇರಲಿ. ಬಿಡುವನ್ನು 15 ಸೆಕೆಂಡಿಗೆ ಇಳಿಸಿದರೂ ಮನೆಯವರಿಗೆ ಸಾಕಾಗುತ್ತದೆ. ಸೈರನ್ ಎರಡು ಬೇಕು: ಒಳಗೊಂದು, ಏಣಿಯಿಲ್ಲದೆ ಕೈಗೆಟುಕದ ಎತ್ತರದಲ್ಲಿ ಹೊರಗೊಂದು. ಹೊರಗಿನದಕ್ಕೆ ಸ್ವಂತ ಬ್ಯಾಟರಿ ಇದ್ದರೆ ವೈರ್ ಕತ್ತರಿಸಿದರೂ ಕೂಗುತ್ತದೆ.

ಇನ್ನು ಕರೆಂಟ್. ಊರಿಗೆ ಹೊರಟಾಗ ‘ಶಾರ್ಟ್ ಸರ್ಕ್ಯೂಟ್ ಆದೀತು, ಸಿಡಿಲು ಬಡಿದೀತು’ ಎಂದು ಮೇನ್ ಸ್ವಿಚ್ ಇಳಿಸಿ ಹೋಗುವ ರೂಢಿ ನಮ್ಮಲ್ಲಿ ಬಹಳ. ಇನ್ವರ್ಟರ್ ಕೂಡ ಆಫ್ ಮಾಡುತ್ತಾರೆ. ಆ ಕ್ಷಣದಿಂದ ಕ್ಯಾಮೆರಾ, ಅದರ ದೃಶ್ಯ ದಾಖಲಿಸುವ ಡಿವಿಆರ್, ವೈಫೈ ರೂಟರ್ ಎಲ್ಲ ನಿಂತವು. ಅಲಾರಂ ಒಂದೇ ತನ್ನ ಬ್ಯಾಟರಿಯಲ್ಲಿ ಉಸಿರಾಡುತ್ತಿರುತ್ತದೆ. ಅದು ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಪ್ಯಾನಲ್, ಸೆನ್ಸರ್, ಸಿಮ್ ಮಾಡ್ಯೂಲ್ ಸೇರಿ 0.25 ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರ 28 ಗಂಟೆ. ಮೂರು ವರ್ಷ ಹಳೆಯದಾದರೆ ಅದರ ಅರ್ಧವೂ ಅನುಮಾನ. ಬೆಳಿಗ್ಗೆ ಬಸ್ ಹತ್ತಿದವರ ಮನೆಯ ಅಲಾರಂ ಮರುದಿನ ಮಧ್ಯಾಹ್ನದೊಳಗೆ ಸತ್ತಿರುತ್ತದೆ, ಮದುವೆ ಇನ್ನೂ ಶುರುವಾಗಿರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅಲಾರಂ, ಡಿವಿಆರ್, ರೂಟರ್ ಮೂರಕ್ಕೂ ಪ್ರತ್ಯೇಕ ಎಂಸಿಬಿ ಸ್ವಿಚ್ ಹಾಕಿಸಿ, ಅದರ ಮೇಲೆ ‘ಇಳಿಸಬೇಡಿ’ ಎಂದು ಬರೆದು ಅಂಟಿಸಿ. ಉಳಿದದ್ದನ್ನೆಲ್ಲ ಇಳಿಸಿ ಹೋಗಿ.

ಮೀಟರ್ ಬೋರ್ಡ್ ಗೇಟಿನ ಪಕ್ಕದ ಗೋಡೆಯಲ್ಲಿರುವುದರಿಂದ ಹೊರಗಿನವರೂ ಮೇನ್ ಇಳಿಸಬಲ್ಲರು ಎಂಬುದು ನೆನಪಿರಲಿ. ಅಲಾರಂ ‘ಕರೆಂಟ್ ಹೋಗಿದೆ’ ಎಂಬ ಸಂದೇಶ ಕಳಿಸುವಂತೆ ಸೆಟ್ ಮಾಡಿಸಿ. ಬೀದಿಯಲ್ಲೆಲ್ಲ ದೀಪವಿದ್ದು ನಿಮ್ಮ ಮನೆಗಷ್ಟೇ ಕರೆಂಟ್ ಇಲ್ಲ ಎಂದು ನೆರೆಯವರು ಹೇಳಿದರೆ ಅದೇ ಮೊದಲ ಎಚ್ಚರಿಕೆ. ಬ್ಯಾಟರಿಯನ್ನು ಬರೀ ವೋಲ್ಟ್ ಮೀಟರಿನಿಂದ ಅಳೆಯುವುದು ಮೋಸ. ಸತ್ತ ಬ್ಯಾಟರಿಯೂ ಸುಮ್ಮನಿದ್ದಾಗ 12 ವೋಲ್ಟ್ ತೋರಿಸುತ್ತದೆ, ಸೈರನ್ ಕೂಗಲು ಶುರುವಾದೊಡನೆ ಕುಸಿಯುತ್ತದೆ. ಎಸಿ ಪಿನ್ ತೆಗೆದು ನಾಲ್ಕು ಗಂಟೆ ಬಿಡಿ, ಆಮೇಲೆ ಸೈರನ್ ಒಂದು ನಿಮಿಷ ಕೂಗಿಸಿ. ದನಿ ಕುಗ್ಗಿದರೆ ಬದಲಿಸಿ. ಕೂರಿಸಿದ ತಿಂಗಳು, ವರ್ಷವನ್ನು ಮಾರ್ಕರ್‌ನಿಂದ ಬ್ಯಾಟರಿಯ ಮೇಲೇ ಬರೆಯುವುದು ಒಳ್ಳೆಯ ಅಭ್ಯಾಸ.

ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಕೈಕೊಡುವುದು ಅಲಾರಂ ಒಳಗಿನ ಸಿಮ್. ಅಳವಡಿಸಿದ ದಿನ ಹಾಕಿದ ಪ್ರೀಪೇಯ್ಡ್ ಸಿಮ್‌ನ 28 ದಿನದ ಪ್ಯಾಕ್ ಮುಗಿದ ಮೇಲೆ ಯಾರೂ ಅದನ್ನು ನೆನೆಯುವುದಿಲ್ಲ. ಪೆಟ್ಟಿಗೆಯ ದೀಪ ಹಸಿರಾಗಿಯೇ ಇರುತ್ತದೆ, ಕೀಪ್ಯಾಡ್ ಸದ್ದು ಮಾಡುತ್ತದೆ, ಸೈರನ್ ಕೂಗುತ್ತದೆ. ಕರೆ ಮಾತ್ರ ಹೊರಗೆ ಹೋಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ತಿದ್ದಿ, ಡೇಟಾ ಇಲ್ಲದೆ ಕರೆ ಮತ್ತು ಎಸ್ಸೆಮ್ಮೆಸ್‌ಗಷ್ಟೇ ಇರುವ ಪ್ಯಾಕ್ ಕೊಡಲೇಬೇಕು ಎಂದಿತು. ಅಂಥ ಪ್ಯಾಕ್‌ನ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಅಲಾರಂಗೆ ಬೇಕಾದದ್ದು ಇದೇ. ವರ್ಷಕ್ಕೊಮ್ಮೆ, ಉದಾಹರಣೆಗೆ ಯುಗಾದಿಗೆ, ರೀಚಾರ್ಜ್ ಮಾಡಿಸಿದರೆ ಮರೆಯುವುದಿಲ್ಲ. ಇನ್ನೊಂದು ವಿಷಯ: ಹಳೆಯ ಪ್ಯಾನಲ್‌ಗಳು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ ಅಂಥ ಪ್ಯಾನಲ್‌ನಲ್ಲಿ ನಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಪ್ಯಾನಲ್ ಕೇಳಿ. ಬ್ರಾಡ್‌ಬ್ಯಾಂಡ್ ಒಂದನ್ನೇ ನಂಬುವ ಅಲಾರಂ ಬೇಡ. ಅದರ ಕೇಬಲ್ ಕಂಬದಿಂದ ಕಿಟಕಿಗೆ ಬಯಲಲ್ಲೇ ತೂಗಾಡುತ್ತಿರುತ್ತದೆ.

ಕರೆ ಹೋದರೂ ಯಾರಿಗೆ ಹೋಗುತ್ತದೆ? ಮೊದಲ ನಂಬರ್ ಮನೆ ಯಜಮಾನರದ್ದು. ಅವರು ಮುನ್ನೂರು ಕಿಲೋಮೀಟರ್ ಆಚೆ ಮಲಗಿದ್ದಾರೆ, ಫೋನ್ ಸೈಲೆಂಟ್. ಐದು ನಿಮಿಷದಲ್ಲಿ ಗೇಟಿಗೆ ಬರಬಲ್ಲ ನೆರೆಯವರ ನಂಬರ್ ಮೊದಲು ಇರಲಿ, ಅವರನ್ನು ಕೇಳಿಯೇ ಹಾಕಿ. ಅವರ ಫೋನಿನಲ್ಲಿ ಅಲಾರಂ ಸಿಮ್‌ನ ನಂಬರನ್ನು ಹೆಸರು ಕೊಟ್ಟು ಸೇವ್ ಮಾಡಿಸಿ, ಡು ನಾಟ್ ಡಿಸ್ಟರ್ಬ್ ಇದ್ದರೂ ರಿಂಗ್ ಆಗುವಂತೆ ಸೆಟ್ ಮಾಡಿ. ಒಳಗೆ ಹೋಗಬೇಡಿ, ದೀಪ ಹಾಕಿ, ನಾಲ್ಕು ಜನ ಸೇರಿ, 112ಕ್ಕೆ ಕರೆ ಮಾಡಿ ಎಂದು ಮೊದಲೇ ಹೇಳಿಡಿ. ಮಕ್ಕಳು ಬೇರೆ ರಾಜ್ಯದಲ್ಲೋ ವಿದೇಶದಲ್ಲೋ ಕುಳಿತು ಊರಿನ ಮನೆಯ ಕ್ಯಾಮೆರಾ ನೋಡುವುದು ಈಗ ಸಾಮಾನ್ಯ. ಅಲ್ಲಿಂದ ಅವರು 112 ಒತ್ತಿದರೆ ಅದು ಊರಿನ ಪೊಲೀಸರಿಗೆ ತಲುಪುವುದಿಲ್ಲ. ಊರಿನ ಠಾಣೆಯ ಸ್ಥಿರ ದೂರವಾಣಿಯನ್ನು ಎಸ್‌ಟಿಡಿ ಕೋಡ್ ಸಮೇತ, ವಿದೇಶದವರು +91 ಸೇರಿಸಿ ಬರೆದಿಟ್ಟುಕೊಳ್ಳಬೇಕು. ವಾರಕ್ಕಿಂತ ಹೆಚ್ಚು ಮನೆ ಬಿಡುವವರು ಬೀಟ್ ಪೊಲೀಸರಿಗೆ ತಿಳಿಸಿಯೇ ಹೊರಡಲಿ.

ವೈರ್‌ಲೆಸ್ ಅಲಾರಂಗಳ ಬಗ್ಗೆ ಚಿಕ್ಕದಾಗಿ. ಅಗ್ಗದ 433 ಮೆಗಾಹರ್ಟ್ಸ್ ರಿಮೋಟುಗಳಲ್ಲಿ ಹಲವು ಪ್ರತಿ ಸಲವೂ ಅದೇ ಕೋಡ್ ಕಳಿಸುತ್ತವೆ. ಒಮ್ಮೆ ದಾಖಲಿಸಿಕೊಂಡವರು ಅದನ್ನೇ ಮತ್ತೆ ಬಿತ್ತರಿಸಿ ಅಲಾರಂ ಆಫ್ ಮಾಡಬಹುದು. ಅಮೆರಿಕದ ಹೆಸರಾಂತ ವೈರ್‌ಲೆಸ್ ಅಲಾರಂ ಒಂದರಲ್ಲಿ ಇಂಥದ್ದೇ ದೋಷ ಇರುವುದನ್ನು 2016ರಲ್ಲಿ ಭದ್ರತಾ ಸಂಶೋಧಕರು ತೋರಿಸಿದ್ದರು. ಅದರ ಚಿಪ್ ಒಮ್ಮೆ ಮಾತ್ರ ಬರೆಯುವಂಥದ್ದಾದ್ದರಿಂದ ಮನೆಮನೆಯಲ್ಲಿದ್ದ ಉಪಕರಣಗಳನ್ನು ತಿದ್ದಲೂ ಆಗುವಂತಿರಲಿಲ್ಲ. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ರೋಲಿಂಗ್ ಕೋಡ್ (ಪ್ರತಿ ಸಲ ಬದಲಾಗುವ ಕೋಡ್) ಅಥವಾ ಎನ್‌ಕ್ರಿಪ್ಷನ್ (ಗೂಢಲಿಪಿ) ಇದೆಯೇ, ಸೆನ್ಸರ್ ತಾನಾಗಿ ಆಗಾಗ ‘ಬದುಕಿದ್ದೇನೆ’ ಎಂದು ಪ್ಯಾನಲ್‌ಗೆ ತಿಳಿಸುತ್ತದೆಯೇ, ಯಾರಾದರೂ ರೇಡಿಯೋ ಅಲೆ ಅಡ್ಡಹಾಕಿದರೆ ಅಲಾರಂ ಕೂಗುತ್ತದೆಯೇ? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ವೈರ್ ಇರುವುದನ್ನೇ ತೆಗೆದುಕೊಳ್ಳಿ.

ಕ್ಯಾಮೆರಾ ಕಳ್ಳನನ್ನು ತಡೆಯುವುದಿಲ್ಲ, ತೋರಿಸಬಹುದು ಅಷ್ಟೇ. ಅದನ್ನೂ ಮಾಡದ ಕ್ಯಾಮೆರಾಗಳೇ ಹೆಚ್ಚು. ಪರಿಚಯವಿಲ್ಲದವರ ಮುಖ ಗುರುತಿಸಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಇರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಲೆಕ್ಕ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಭಾಗಿಸಿದರೆ ಸುಮಾರು 7.7 ಮೀಟರ್. ಅಂದರೆ ಕ್ಯಾಮೆರಾ ನೋಡುವ ಅಗಲ ಅದಕ್ಕಿಂತ ಹೆಚ್ಚಾದ ಕಡೆ ಮುಖ ಸಿಗದು. ಮನೆಗಳಿಗೆ ಹೆಚ್ಚಾಗಿ ಹಾಕುವ 2.8 ಮಿ.ಮೀ. ಲೆನ್ಸ್ ಅಷ್ಟು ಅಗಲವನ್ನು ಮೂರು ಮೀಟರ್ ದೂರದಲ್ಲೇ ತಲುಪಿಬಿಡುತ್ತದೆ. ಮನೆ ಗೋಡೆಯಿಂದ ಗೇಟ್ ಹತ್ತು ಮೀಟರ್ ದೂರವಿದ್ದರೆ ಗೇಟಿನಲ್ಲಿ ನಿಂತವನು ಬರೀ ನೆರಳು. ಇಡೀ ಅಂಗಳಕ್ಕೆ 2.8 ಮಿ.ಮೀ. ಇರಲಿ, ಗೇಟಿಗೆ ಮತ್ತು ಬಾಗಿಲಿಗೆ 6 ಮಿ.ಮೀ. ಲೆನ್ಸಿನದು ಬೇರೆ ಇರಲಿ. ಅದರಲ್ಲಿ ಏಳೆಂಟು ಮೀಟರ್‌ವರೆಗೆ ಮುಖ ಸಿಗುತ್ತದೆ. ಎರಡನೆಯ ಮಹಡಿಯ ಎತ್ತರದಿಂದ ಕಾಣುವುದು ಟೋಪಿ ಮಾತ್ರ, ಒಂದು ಕ್ಯಾಮೆರಾವಾದರೂ ಎಂಟು ಅಡಿ ಎತ್ತರದಲ್ಲಿರಬೇಕು. ರಾತ್ರಿ ಕ್ಯಾಮೆರಾದ ಐಆರ್ (ಅತಿಗೆಂಪು) ದೀಪದ ಬಳಿ ಹುಳ, ಹುಳದ ಹಿಂದೆ ಜೇಡ, ಬಲೆ ಕಟ್ಟಿದ ಕ್ಯಾಮೆರಾದಲ್ಲಿ ಇಡೀ ಚಿತ್ರ ಬಿಳಿ. ಹದಿನೈದು ದಿನಕ್ಕೊಮ್ಮೆ ಒರೆಸಬೇಕು.

ಟಿವಿ ಪಕ್ಕದಲ್ಲಿಟ್ಟ ಡಿವಿಆರ್ ಕಳ್ಳನ ಜೊತೆಗೇ ಹೋಗುತ್ತದೆ. ಅಟ್ಟದ ಮೇಲೆ, ಗಾಳಿಯಾಡುವ ಬೀಗದ ಪೆಟ್ಟಿಗೆಯಲ್ಲಿಡಿ. ಅದರ ಡಿಸ್ಕ್ ಎಷ್ಟು ದಿನಕ್ಕೆ ಸಾಲುತ್ತದೆ ಎಂದೂ ಲೆಕ್ಕ ಹಾಕಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86 ಜಿಬಿ ಮೇಲೆ, 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದು ಅಳಿಯತೊಡಗುತ್ತದೆ. ಹದಿನೈದು ದಿನದ ಯಾತ್ರೆಗೆ ಹೋದವರ ಮನೆಗೆ ಮೂರನೆಯ ದಿನ ಕಳ್ಳ ಬಂದಿದ್ದರೆ ವಾಪಸು ಬಂದಾಗ ಆ ದಿನವೇ ಇರುವುದಿಲ್ಲ. ಹೊರಡುವ ಮುನ್ನ ಚಲನೆ ಇದ್ದಾಗ ಮಾತ್ರ ದಾಖಲಿಸುವಂತೆ ಬದಲಿಸಿ, ಇಲ್ಲವೇ ದೊಡ್ಡ ಡಿಸ್ಕ್ ಹಾಕಿಸಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ಜಗತ್ತಿಗೇ ತೋರಿಸಿತು. ಅಂಥ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿಯಿಂದಲೇ ಅದು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತ್ತು. ಅಳವಡಿಸಿದವರಿಗೆ ಗೊತ್ತಿರುವ ಪಾಸ್‌ವರ್ಡನ್ನೂ ಅವರು ಹೋದ ಮೇಲೆ ಬದಲಿಸಿ. ನಾವು ಆ ಕೆಲಸದವರೇ ಆಗಿದ್ದು ಇದನ್ನು ಹೇಳುತ್ತಿದ್ದೇವೆ, ಇದರಲ್ಲಿ ಸಂಕೋಚ ಬೇಡ.

ಕಳ್ಳ ಮನೆಯನ್ನು ಆರಿಸುವುದು ಹಗಲಲ್ಲಿ. ರಂಗೋಲಿ ಇಲ್ಲದ ಹೊಸಿಲು, ಬಾಡಿದ ತುಳಸಿ, ಗೇಟಿನೊಳಗೆ ಬಿದ್ದ ಮೂರು ದಿನದ ಪತ್ರಿಕೆ, ನಡುಮಧ್ಯಾಹ್ನ ಉರಿಯುತ್ತಿರುವ ಗೇಟಿನ ದೀಪ ನೋಡಿಯೇ ಅವನು ತಿಳಿಯುತ್ತಾನೆ. ದೀಪಕ್ಕೆ ಟೈಮರ್ ಹಾಕಿ, ಹಾಲು ಮತ್ತು ಪತ್ರಿಕೆ ನಿಲ್ಲಿಸಿ, ಪಕ್ಕದ ಮನೆಯವರಿಗೆ ಹೇಳಿ ಹೊಸಿಲಿಗೆ ನೀರು ಹಾಕಿಸಿ. ಕೀಲಿಯನ್ನು ಹೂಕುಂಡದ ಕೆಳಗೆ, ಚಪ್ಪಲಿ ಗೂಡಿನಲ್ಲಿ, ದಾರಂದದ ಮೇಲೆ ಇಡಲೇಬೇಡಿ. ಬೀರುವಿನ ಕೀಲಿ ಬೀರುವಿರುವ ಕೋಣೆಯಲ್ಲೇ, ಹಾಸಿಗೆಯ ಕೆಳಗೆ ಸಿಕ್ಕರೆ ಒಡೆಯುವ ಶ್ರಮವೂ ಅವನಿಗಿಲ್ಲ. ತಿಜೋರಿ ಇಟ್ಟವರು ಅದನ್ನು ನಾಲ್ಕು 10 ಮಿ.ಮೀ. ಆಂಕರ್ ಬೋಲ್ಟ್‌ಗಳಿಂದ ಕಾಂಕ್ರೀಟಿಗೆ ಬಿಗಿಸಬೇಕು, ನಲವತ್ತು ಕಿಲೋದ ತಿಜೋರಿಯನ್ನು ಇಬ್ಬರು ಹೊತ್ತುಕೊಂಡೇ ಹೋಗುತ್ತಾರೆ.

ಕಳ್ಳತನ ಆಗಿಯೇಬಿಟ್ಟರೆ ಡಿವಿಆರ್ ಮುಟ್ಟುವ ಮುನ್ನ ಒಂದು ಮಾತು. ಪರದೆಯ ಗಡಿಯಾರ ಮತ್ತು ನಿಮ್ಮ ಫೋನಿನ ಗಡಿಯಾರ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯಿರಿ. ಡಿವಿಆರ್ ಸಮಯ ಹತ್ತು ನಿಮಿಷ ಹಿಂದೆ ಮುಂದೆ ಇರುವುದು ಸಾಮಾನ್ಯ, ಆ ವ್ಯತ್ಯಾಸ ದಾಖಲಾಗಿರಬೇಕು. ದೃಶ್ಯ ಅಳಿದುಹೋಗದಂತೆ ರೆಕಾರ್ಡಿಂಗ್ ನಿಲ್ಲಿಸಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಹುಡುಕಾಟಕ್ಕೆ ಸಹಾಯವಾದೀತು, ನ್ಯಾಯಾಲಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ, ಅದರಿಂದಲೇ ಲೆಕ್ಕ ಹಾಕಿದ ಗುರುತು) ಬರೆದಿರಬೇಕು. ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಇದೆ. ಭಾಗ ‘ಎ’ ದಾಖಲೆ ಒದಗಿಸುವವರದ್ದು, ಅಂದರೆ ಮನೆಯವರದ್ದು. ಭಾಗ ‘ಬಿ’ ತಜ್ಞರದ್ದು. ಡಿವಿಆರ್‌ನಿಂದ ಪೆನ್‌ಡ್ರೈವ್‌ಗೆ ಇಳಿಸುವ ಕೆಲಸವನ್ನು ತನಿಖಾಧಿಕಾರಿಯ ಎದುರಿನಲ್ಲೇ ಮಾಡಿ, ಹ್ಯಾಶ್ ತೆಗೆಸಿ, ಭಾಗ ‘ಎ’ಗೆ ಸಹಿ ಹಾಕಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.

ಇಂತಿ,
ಮನೆ ಅಲಾರಂ ಮತ್ತು ಸಿಸಿಟಿವಿ ಅಳವಡಿಸುವ ತಂತ್ರಜ್ಞರು
ಶಿವಮೊಗ್ಗ